ಯೇಸುವೇ ಯೆಹೂದಿ ಅಲ್ವಾ? ಮತ್ತೆ ಚರ್ಚ್‌ಗೆ ಯೆಹೂದಿಗಳ ಮೇಲೆ ಯಾಕಿಷ್ಟು ದ್ವೇಷ ಇತ್ತು?

ಮುಖ್ಯ ಕಾರಣ ಒಂದು ಆರೋಪ: ಯೇಸುವನ್ನು ಕೊಂದವರು ಯೆಹೂದಿಗಳು, ಆ ಪಾಪ ಅವರ ಮಕ್ಕಳು ಮೊಮ್ಮಕ್ಕಳಿಗೂ ಅಂಟಿದೆ ಎಂಬ ನಂಬಿಕೆ.

ಶಿಲುಬೆಗೇರಿಸುವುದು ರೋಮನ್ನರ ಶಿಕ್ಷೆ. ಆಜ್ಞೆ ಕೊಟ್ಟವನೂ ರೋಮನ್ ಅಧಿಕಾರಿ ಪಿಲಾತನೇ. ಆದರೆ ಬೈಬಲ್‌ನ ಮತ್ತಾಯನ ಸುವಾರ್ತೆಯಲ್ಲಿ ಜನರ ಗುಂಪು 'ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ' ಎಂದು ಕೂಗುತ್ತದೆ. ಅಲ್ಲಿ ನೆರೆದಿದ್ದ ಒಂದು ಗುಂಪಿನ ಮಾತನ್ನು ಇಡೀ ಜನಾಂಗದ ತಪ್ಪೊಪ್ಪಿಗೆ ಎಂಬಂತೆ ಶತಮಾನಗಳ ಕಾಲ ಓದಿದರು. ಎಡವಟ್ಟಾಗಿದ್ದು ಇಲ್ಲೇ. ಯೇಸುವಿನ ಸಾವನ್ನು ನೆನೆಯುವ ಶುಭ ಶುಕ್ರವಾರದ ಕ್ಯಾಥೊಲಿಕ್ ಪ್ರಾರ್ಥನೆಯಲ್ಲೇ ಯೆಹೂದಿಗಳಿಗೆ 'ವಿಶ್ವಾಸವಿಲ್ಲದವರು' ಎಂಬ ವಿಶೇಷಣ ಇತ್ತು. ಆ ಲ್ಯಾಟಿನ್ ಪದ ಕಿವಿಗೆ 'ದ್ರೋಹಿಗಳು' ಎಂದೇ ಕೇಳಿಸುತ್ತಿತ್ತು. ಪ್ರೊಟೆಸ್ಟಂಟರೇನೂ ಕಡಿಮೆ ಇಲ್ಲ. ಅವರ ಹಾದಿ ತೆರೆದ ಮಾರ್ಟಿನ್ ಲೂಥರ್ 1543ರಲ್ಲಿ, ಸಿನಗಾಗ್‌ಗಳಿಗೆ, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರಗಳಿಗೆ, ಬೆಂಕಿ ಹಚ್ಚಿ ಎಂದೇ ಬರೆದ.

ನಾಜಿಗಳು ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದ ಮೇಲೆ ಈ ಬೋಧನೆಯನ್ನು ಸುಮ್ನೆ ಮುಚ್ಚಿಡಲು ಆಗಲಿಲ್ಲ. 1959ರಲ್ಲಿ ಪೋಪ್ 23ನೇ ಜಾನ್ ಶುಭ ಶುಕ್ರವಾರದ ಪ್ರಾರ್ಥನೆಯಿಂದ ಆ 'ವಿಶ್ವಾಸವಿಲ್ಲದವರು' ಪದವನ್ನು ತೆಗೆಸಿದರು. ಮರುವರ್ಷ ಫ್ರೆಂಚ್ ಯೆಹೂದಿ ಇತಿಹಾಸಕಾರ ಜೂಲ್ಸ್ ಐಸಾಕ್ ಈ ಪೋಪ್‌ರನ್ನು ಭೇಟಿಯಾಗಿ, ಚರ್ಚ್ ಕಲಿಸುತ್ತಿದ್ದ ತಿರಸ್ಕಾರವನ್ನು ತಿದ್ದಬೇಕೆಂದು ಕೇಳಿದರು. ಐಸಾಕ್‌ರ ಹೆಂಡತಿ, ಮಗಳು ಇಬ್ಬರೂ ನಾಜಿಗಳ ಆಶ್‌ವಿಟ್ಜ್ ಸಾವಿನ ಶಿಬಿರದಲ್ಲಿ ಸತ್ತಿದ್ದರು. 1965ರ 'ನೊಸ್ತ್ರಾ ಏತಾತೆ' ಘೋಷಣೆಯಲ್ಲಿ ವ್ಯಾಟಿಕನ್, ಯೇಸುವಿನ ಸಾವಿನ ಹೊಣೆಯನ್ನು ಆಗಿನ ಎಲ್ಲ ಯೆಹೂದಿಗಳ ಮೇಲಾಗಲಿ ಈಗಿನವರ ಮೇಲಾಗಲಿ ಹೊರಿಸುವಂತಿಲ್ಲ ಎಂದಿತು. ಅಮೆರಿಕದ ದೊಡ್ಡ ಲೂಥರನ್ ಚರ್ಚ್ ಲೂಥರ್‌ನ ಆ ಮಾತುಗಳನ್ನು ತಿರಸ್ಕರಿಸಿದ್ದು 1994ರಲ್ಲಿ. ತಡವೇ, ನನ್ನ ಪ್ರಕಾರ ತುಂಬಾ ತಡ.