ನಮ್ಮ ಸಣ್ಣ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಮೊಬೈಲ್ ವಿಡಿಯೊ ನೋಡಿ ಗೋಲು ತೀರ್ಮಾನಿಸಬಹುದೇ?

ಲೀಗ್ ಹಂತದಲ್ಲೇ ಗೋಲಿನ ವಿಚಾರಕ್ಕೆ ಬೆಂಬಲಿಗರು ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿದ್ದಾರೆ, ಫೈನಲ್‌ಗಾದರೂ ಮೊಬೈಲ್‌ನಲ್ಲಿ ಚಿತ್ರೀಕರಿಸಿ ನಮ್ಮದೇ ಒಂದು ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಮಾಡಿಕೊಳ್ಳೋಣವೇ ಎಂದು ಕೇಳಿದ್ದೀರಿ. ಬೇಡ. ನಾನು ಅದನ್ನೇ ಮಾಡಿ, ಚೆನ್ನಾಗಿ ನಡೆಯುತ್ತಿದ್ದ ಒಂದು ಪಂದ್ಯಾವಳಿಯನ್ನು ಮುಳುಗಿಸಿದವನು.

ಆಗ ನಾನು ಹವ್ಯಾಸಿ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತಿದ್ದೆ. ಆ ಪಂದ್ಯಾವಳಿಯನ್ನು ಕಟ್ಟಿದವರಲ್ಲಿ ನಾನೂ ಒಬ್ಬ. ಫೈನಲ್‌ನಲ್ಲಿ ಸ್ಕೋರು ಸಮವಾಗಿತ್ತು, ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿತ್ತು. ಕಾರ್ನರ್‌ನಿಂದ ಬಂದ ಚೆಂಡನ್ನು ಒಬ್ಬ ಆಟಗಾರ ತಲೆಯಿಂದ ಕೆಳಮುಖವಾಗಿ ಹೊಡೆದ. ಅದು ಕಂಬದ ಒಳಬದಿಗೆ ತಾಗಿ ಗೋಲು ಗೆರೆಯ ಬಳಿ ಬಿತ್ತು. ಗೋಲ್‌ಕೀಪರ್ ಅಡ್ಡಬಿದ್ದು ಅಂಗೈಯಿಂದ ಅದನ್ನು ನೆಲಕ್ಕೆ ಒತ್ತಿ ಹಿಡಿದ, ಮರುಕ್ಷಣ ಎದೆಗೆ ಎಳೆದುಕೊಂಡ. ನಾನು ಪೆನಾಲ್ಟಿ ಪ್ರದೇಶದ ಅಂಚಿನಲ್ಲಿದ್ದೆ. ನನಗೂ ಚೆಂಡಿಗೂ ನಡುವೆ ಕಾಲುಗಳ ಕಾಡು. ಆದರೆ ಸಹಾಯಕ ರೆಫರಿ ನಿಯಮದಂತೆ ಕಾರ್ನರ್ ಧ್ವಜದ ಹಿಂದೆ, ಗೋಲು ಗೆರೆಯ ನೇರಕ್ಕೆ ನಿಂತಿದ್ದ. ಅವನು ಕದಲಲಿಲ್ಲ. ಗೋಲಾಗಿದ್ದರೆ ಅವನು ಧ್ವಜ ಎತ್ತಿ ಮಧ್ಯರೇಖೆಯ ಕಡೆಗೆ ಓಡಬೇಕಿತ್ತು. ಗೋಲಿಲ್ಲ ಎಂದು ನಾನು ಕೈಯಾಡಿಸಿದೆ.

ಕೀಪರ್ ಒದ್ದ ಚೆಂಡು ಹೊರಗೆ ಹೋಗಿ ಆಟ ನಿಂತಿತು. ಅಷ್ಟರಲ್ಲಿ ಬೆಂಬಲಿಗರು ಒಳಗೆ ನುಗ್ಗಿದ್ದರು. ಒಬ್ಬನ ಕೈಯಲ್ಲಿ ಮೊಬೈಲ್, ಅದರಲ್ಲಿ ನಿಲ್ಲಿಸಿಟ್ಟ ಒಂದೇ ಚಿತ್ರ. ಬಿಳಿ ಗೆರೆ, ಅದರಾಚೆ ಹುಲ್ಲಿನ ಹಸಿರು ಪಟ್ಟಿ, ಅದರಾಚೆ ಚೆಂಡು. ಗೆರೆಗೂ ಚೆಂಡಿಗೂ ನಡುವೆ ಹುಲ್ಲು ಕಾಣುತ್ತಿದೆ ಎಂದ ಮೇಲೆ ಇನ್ನೇನು ಬೇಕು ಎಂದುಕೊಂಡೆ. ತೀರ್ಪು ಬದಲಿಸಿ ಗೋಲು ಕೊಟ್ಟೆ. ಆ ಗೋಲಿನಿಂದಲೇ ಕಪ್ ನಿರ್ಧಾರವಾಯಿತು.

ಸಂಜೆ ಇನ್ನೊಂದು ವಿಡಿಯೊ ಬಂತು. ಗೋಲು ಗೆರೆಯ ನೇರಕ್ಕೆ ನಿಂತವರು ತೆಗೆದದ್ದು. ಚೆಂಡಿನ ಮೈದಾನದ ಕಡೆಯ ಉಬ್ಬು ಇನ್ನೂ ಗೆರೆಯ ಮೇಲೆಯೇ ಇತ್ತು. ಗೋಲಾಗಿರಲಿಲ್ಲ.

ಇಲ್ಲಿ ಆದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಟಿವಿಯ ಮುಂದೆ ಕುಳಿತು ವಾದಿಸುವ ಅಭಿಮಾನಿಗಳಲ್ಲಿ ಹೆಚ್ಚಿನವರು ಇದನ್ನೇ ಮಾಡುತ್ತಾರೆ. ನಿಯಮದ ಪ್ರಕಾರ ಇಡೀ ಚೆಂಡು ಇಡೀ ಗೆರೆಯನ್ನು ದಾಟಿದರೆ ಮಾತ್ರ ಗೋಲು. ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ಅಂದರೆ ಅಡ್ಡಳತೆ ಸುಮಾರು 22. ನೆಲದ ಮೇಲೆ ಕುಳಿತ ಚೆಂಡು ನೆಲವನ್ನು ಮುಟ್ಟುವುದು ಒಂದೇ ಬಿಂದುವಿನಲ್ಲಿ. ಆ ಬಿಂದುವಿನಿಂದ ಸುತ್ತಲೂ 11 ಸೆಂಟಿಮೀಟರ್ ಚೆಂಡು ನೆಲ ಮುಟ್ಟದೆ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಹಾಗಾಗಿ ನೆಲ ಮುಟ್ಟಿದ ಜಾಗ ಗೆರೆಯ ಹೊರ ಅಂಚಿನಿಂದ 10 ಸೆಂಟಿಮೀಟರ್ ಆಚೆಗಿದ್ದರೂ ಅದು ಗೋಲಲ್ಲ. ಮೈದಾನದ ಕಡೆಯಿಂದ, ತಗ್ಗಿನ ಕೋನದಲ್ಲಿ ಕ್ಯಾಮೆರಾ ಹಿಡಿದರೆ ಆ ಉಬ್ಬಿನ ಅಡಿಯಲ್ಲಿರುವ ಹುಲ್ಲು ಕಾಣಿಸುತ್ತದೆ. ನಾನು ನೋಡಿದ ಹಸಿರು ಪಟ್ಟಿ ಅದೇ. ಆ ಮೊಬೈಲ್ ಹಿಡಿದವನು ಕಾರ್ನರ್ ಧ್ವಜದಿಂದ ಸಾಕಷ್ಟು ಈಚೆಗೆ, ಪಕ್ಕದ ಗೆರೆಯ ಬಳಿ ಕುಳಿತಿದ್ದ. ಅವನು ಮೋಸ ಮಾಡಿರಲಿಲ್ಲ. ಅವನ ಚಿತ್ರವೂ ಸುಳ್ಳಾಗಿರಲಿಲ್ಲ. ಆ ಕೋನದಿಂದ ಕೇಳಬಾರದ ಪ್ರಶ್ನೆಯನ್ನು ನಾನು ಆ ಚಿತ್ರಕ್ಕೆ ಕೇಳಿದ್ದೆ.

ನಂಬಿಕೆ ಬರದಿದ್ದರೆ ನೆಲದ ಮೇಲೆ ಬಿಳಿ ಟೇಪು ಅಂಟಿಸಿ. ಅದರ ಆಚೆ ಅಂಚಿನಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ಚೆಂಡು ನೆಲ ಮುಟ್ಟುವಂತೆ ಇಡಿ. ಈಚೆ ಕಡೆ ಮೊಣಕಾಲೂರಿ ಕುಳಿತು ನೋಡಿ, ಆಮೇಲೆ ಚೆಂಡಿನ ನೇರ ಮೇಲೆ ಬಗ್ಗಿ ನೋಡಿ. ಮೊದಲ ನೋಟಕ್ಕೆ ಗೋಲು, ಎರಡನೆಯದಕ್ಕೆ ಅಲ್ಲ. ಚೆಂಡು ಗಾಳಿಯಲ್ಲಿದ್ದರೆ ಇನ್ನೂ ಮೋಸ. ಮೈದಾನದ ಕಡೆಯಿಂದ ನೋಡುವ ಕಣ್ಣಿಗೆ ಅದು ಇರುವುದಕ್ಕಿಂತ ಒಳಗೆ ಹೋದಂತೆ ಕಾಣುತ್ತದೆ. ಚೆಂಡು ವೇಗವಾಗಿದ್ದರೆ ಮತ್ತೊಂದು ತೊಡಕು. ಗಂಟೆಗೆ 72 ಕಿಲೋಮೀಟರ್ ವೇಗದ ಹೊಡೆತ ಸೆಕೆಂಡಿಗೆ 20 ಮೀಟರ್ ಸಾಗುತ್ತದೆ. ಸೆಕೆಂಡಿಗೆ 30 ಚಿತ್ರ ಹಿಡಿಯುವ ಮೊಬೈಲ್‌ನ ಎರಡು ಚಿತ್ರಗಳ ನಡುವೆ ಅದು ಮೂರು ಚೆಂಡಿನಷ್ಟು ದೂರ ದಾಟಿರುತ್ತದೆ. ಗೆರೆ ದಾಟಿ ವಾಪಸು ಪುಟಿದ ಕ್ಷಣ ನಿಮ್ಮ ವಿಡಿಯೊದಲ್ಲಿ ಇಲ್ಲದೆಯೇ ಹೋಗಬಹುದು.

2022ರ ವಿಶ್ವಕಪ್‌ನಲ್ಲಿ ಜಪಾನ್ ಸ್ಪೇನ್ ವಿರುದ್ಧ ಹೊಡೆದ ಎರಡನೇ ಗೋಲು ನೆನಪಿದೆಯೇ? ಮಿಟೋಮಾ ಗೋಲು ಗೆರೆಯ ಮೇಲಿಂದ ಚೆಂಡನ್ನು ಒಳಕ್ಕೆ ಎಳೆದ, ತನಾಕಾ ಗೋಲು ಹೊಡೆದ. ಚೆಂಡಿಗೂ ಗೆರೆಗೂ ನಡುವೆ ಹುಲ್ಲು ಕಾಣುವ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಮೇಲಿಂದ ತೆಗೆದ ಚಿತ್ರದಲ್ಲಿ ಮಾತ್ರ ಚೆಂಡಿನ ಅಂಚು ಕೂದಲೆಳೆಯಷ್ಟು ಗೆರೆಯ ಮೇಲಿತ್ತು, ಆದ್ದರಿಂದ ಚೆಂಡು ಆಟದಲ್ಲೇ ಇತ್ತು. ಜಪಾನ್ 2–1ರಿಂದ ಗೆದ್ದಿತು. ಅದರಿಂದಾಗಿ, ಕೋಸ್ಟರಿಕಾವನ್ನು 4–2ರಿಂದ ಮಣಿಸಿಯೂ ಅದೇ ಗುಂಪಿನ ಜರ್ಮನಿ ಮನೆಗೆ ಹೋಯಿತು. ಆ ಚರ್ಚೆ ನಡೆಯುವಾಗ ನನಗೆ ನಮ್ಮ ಗೋಲ್‌ಕೀಪರ್‌ನ ಮುಖ ಕಣ್ಣ ಮುಂದೆ ಬರುತ್ತಿತ್ತು.

ನಮಗೆ ಬಿದ್ದ ಪೆಟ್ಟು ಕಪ್ ತಪ್ಪಾದವರ ಕೈಸೇರಿದ್ದಷ್ಟೇ ಅಲ್ಲ. ಸೋತ ತಂಡ ಮರುವರ್ಷ ಬರಲಿಲ್ಲ. ಅವರನ್ನು ನೋಡಿ ಇನ್ನೂ ಕೆಲವು ತಂಡಗಳು ಹಿಂದೆ ಸರಿದವು, ಪಂದ್ಯಾವಳಿ ಅಲ್ಲಿಗೇ ನಿಂತಿತು. ಗೆದ್ದವರಿಗೂ ಆ ಕಪ್ ಹಿತವಾಗಲಿಲ್ಲ. ಆ ಸಹಾಯಕ ರೆಫರಿ ಮತ್ತೆಂದೂ ನನ್ನ ಜೊತೆ ಧ್ವಜ ಹಿಡಿಯಲಿಲ್ಲ. “ಗೆರೆಯ ನೇರಕ್ಕೆ ನಿಂತಿದ್ದವನು ನಾನೊಬ್ಬನೇ. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪಂದ್ಯದ ನಿಯಮವೂ ಅವನ ಪರವಾಗಿಯೇ ಇದೆ. ಆಟ ಮತ್ತೆ ಶುರುವಾಗುವ ಮುನ್ನ ರೆಫರಿ ತನ್ನ ತಪ್ಪು ತಾನೇ ಅರಿತರೆ ಅಥವಾ ಇನ್ನೊಬ್ಬ ಪಂದ್ಯಾಧಿಕಾರಿ ಹೇಳಿದರೆ ತೀರ್ಪು ಬದಲಿಸಬಹುದು. ಪ್ರೇಕ್ಷಕರ ಮೊಬೈಲ್‌ಗೆ ಅಲ್ಲಿ ಜಾಗವಿಲ್ಲ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. ವಿಡಿಯೊ ಇದ್ದರೆ ಜಗಳ ನಿಲ್ಲುತ್ತದೆ ಎಂದು ನೀವು ನಂಬಿದ್ದೀರಿ. ನಿಲ್ಲುವುದಿಲ್ಲ. 2018ರ ಮಾರ್ಚ್‌ನಲ್ಲಿ ವಿಎಆರ್ ಆಟದ ನಿಯಮಗಳಿಗೆ ಸೇರಿತು, ಆ ವರ್ಷದ ವಿಶ್ವಕಪ್‌ನಲ್ಲೇ ಬಳಕೆಗೆ ಬಂತು. ಫೈನಲ್‌ನಲ್ಲಿ ಕ್ರೊಯೇಷಿಯಾದ ಪೆರಿಸಿಚ್ ಕೈಗೆ ಚೆಂಡು ತಾಗಿದ್ದನ್ನು ರೆಫರಿ ಪರದೆಯ ಮುಂದೆ ನಿಂತು ಮತ್ತೆಮತ್ತೆ ನೋಡಿ ಫ್ರಾನ್ಸ್‌ಗೆ ಪೆನಾಲ್ಟಿ ಕೊಟ್ಟರು. ಕೈಗೆ ತಾಗಿತ್ತೇ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅದು ಅಪರಾಧವೇ ಎಂಬ ಬಗ್ಗೆ ಇಂದಿಗೂ ಎರಡು ಪಂಗಡ. ನೂರು ಕ್ಯಾಮೆರಾ ಇಟ್ಟರೂ ಆ ಎರಡನೇ ಪ್ರಶ್ನೆಗೆ ಉತ್ತರ ಸಿಗದು. ಅಭಿಮಾನಿಗಳು ಮೊದಲು ರೆಫರಿಯ ಕಣ್ಣನ್ನು ದೂರುತ್ತಿದ್ದರು, ಈಗ ಬುದ್ಧಿಯನ್ನು ದೂರುತ್ತಾರೆ, ಅಷ್ಟೇ.

ಚಿತ್ರ ಸರಿಯಾಗಿದ್ದು ಮಾತು ತಪ್ಪಿದರೂ ಅನ್ಯಾಯವಾಗುತ್ತದೆ. 2023ರ ಸೆಪ್ಟೆಂಬರ್ 30ರಂದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಟಾಟೆನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಗೋಲಿಗೆ ಮೈದಾನದಲ್ಲಿ ಆಫ್‌ಸೈಡ್ (ಚೆಂಡು ಪಾಸಾಗುವ ಕ್ಷಣದಲ್ಲಿ ಎದುರಾಳಿ ರಕ್ಷಕರಿಗಿಂತ ಮುಂದಿದ್ದ ತಪ್ಪು) ಧ್ವಜ ಎದ್ದಿತು. ವಿಡಿಯೊ ಕೊಠಡಿಯವರು ಪರಿಶೀಲಿಸಿದರು. ಆಫ್‌ಸೈಡ್ ಅಲ್ಲ ಎಂಬುದು ಅವರಿಗೆ ಸರಿಯಾಗಿಯೇ ಕಂಡಿತು. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದು ತಪ್ಪಾಗಿ ತಿಳಿದು ‘ಪರಿಶೀಲನೆ ಮುಗಿಯಿತು’ ಎಂದುಬಿಟ್ಟರು. ಆಟ ಮತ್ತೆ ಶುರುವಾಯಿತು, ನಿಯಮದಂತೆ ಹಿಂದಕ್ಕೆ ಹೋಗುವಂತಿರಲಿಲ್ಲ. ಟಾಟೆನ್‌ಹ್ಯಾಮ್ 2–1ರಿಂದ ಗೆದ್ದಿತು. ಅಷ್ಟು ದುಬಾರಿ ಸಲಕರಣೆ, ತರಬೇತಾದ ಜನ, ನೇರ ಸಂಪರ್ಕ ಎಲ್ಲ ಇದ್ದ ಕಡೆ ಆದದ್ದು ಇದು. ನಿಮ್ಮಲ್ಲಿ ಇರುವುದು ಯಾರದೋ ಕೈಯಲ್ಲಿ ಅಲುಗಾಡುವ ಮೊಬೈಲ್.

ಹಾಗಾದರೆ ತಂತ್ರಜ್ಞಾನವೇ ಬೇಡವೇ? ನಾನು ಆ ಮಾತು ಹೇಳುವವನಲ್ಲ. 2010ರ ವಿಶ್ವಕಪ್‌ನಲ್ಲಿ ಜರ್ಮನಿಯ ವಿರುದ್ಧ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿ ಸ್ಪಷ್ಟವಾಗಿ ಒಳಗೆ ಬಿದ್ದಿದ್ದನ್ನು ಟಿವಿ ನೋಡುತ್ತಿದ್ದವರೆಲ್ಲ ಕಂಡಿದ್ದರು, ರೆಫರಿ ಮಾತ್ರ ಕಾಣಲಿಲ್ಲ. ಚೆಂಡು ಗೋಲು ಗೆರೆ ದಾಟಿತೇ ಎಂದು ಯಂತ್ರವೇ ಹೇಳುವ ಗೋಲ್‌ಲೈನ್ ತಂತ್ರಜ್ಞಾನಕ್ಕೆ 2012ರಲ್ಲಿ ಒಪ್ಪಿಗೆ ಸಿಕ್ಕಿದ್ದರ ಹಿಂದೆ ಆ ನೋವೂ ಇದೆ. 2024ರ ಜೂನ್ 11ರಂದು ದೋಹಾದಲ್ಲಿ ಭಾರತಕ್ಕೆ ಆದದ್ದು ಇನ್ನೂ ಹತ್ತಿರದ ಗಾಯ. ಛಾಂಗ್ಟೆ ಗೋಲಿನಿಂದ ನಾವು ಮುಂದಿದ್ದೆವು. ಚೆಂಡು ಗೋಲು ಗೆರೆ ದಾಟಿ ಹೊರಗೆ ಹೋಗಿತ್ತು, ನಮ್ಮ ಆಟಗಾರರು ಆಟ ನಿಂತಿತೆಂದು ನಿಂತಿದ್ದರು, ಕತಾರ್ ಅದನ್ನು ಒಳಕ್ಕೆ ಎಳೆದು ಗೋಲು ಹೊಡೆಯಿತು, ರೆಫರಿ ಒಪ್ಪಿದರು. ಆ ಪಂದ್ಯಕ್ಕೆ ವಿಎಆರ್ ಇರಲಿಲ್ಲ. 1–2ರಿಂದ ಸೋತು ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದೆವು. ಅಂಥ ಪಂದ್ಯಕ್ಕೆ ವಿಎಆರ್ ಇರಲೇಬೇಕಿತ್ತು ಎಂದು ಇಂದಿಗೂ ವಾದಿಸುತ್ತೇನೆ.

ನನ್ನ ನಿಲುವು ಇಷ್ಟು: ಚೆಂಡು ಎಲ್ಲಿತ್ತು, ಆಟಗಾರ ಎಲ್ಲಿದ್ದ ಎಂಬ ಪ್ರಶ್ನೆಗಳನ್ನು ಯಂತ್ರಕ್ಕೆ ಬಿಡಿ. ಗೋಲ್‌ಲೈನ್ ತಂತ್ರಜ್ಞಾನ ಅದನ್ನು ಒಂದು ಸೆಕೆಂಡಿನೊಳಗೆ ರೆಫರಿಯ ಕೈಗಡಿಯಾರಕ್ಕೆ ಹೇಳುತ್ತದೆ. ಕೈಗೆ ತಾಗಿದ್ದು ಅಪರಾಧವೇ, ತಳ್ಳಿದ್ದು ಜೋರಾಗಿತ್ತೇ ಎಂಬುದನ್ನು ಮೈದಾನದಲ್ಲಿರುವ ಮನುಷ್ಯನಿಗೆ ಬಿಡಿ, ನಿಧಾನಗತಿಯ ಚಿತ್ರ ತೋರಿಸಿ ಅವನ ಮನಸ್ಸು ಕೆಡಿಸಬೇಡಿ. ವಿಎಆರ್‌ನ ಸ್ವಂತ ನಿಯಮಾವಳಿಯೇ ಹೇಳುವಂತೆ ನಿಧಾನಗತಿ ಜಾಗ, ಸ್ಪರ್ಶದಂಥ ಸಂಗತಿಗಳಿಗೆ; ಅಪರಾಧದ ತೀವ್ರತೆ ನೋಡಲು ಮಾಮೂಲಿ ವೇಗವೇ ಬೇಕು. ಕ್ರಿಕೆಟ್‌ನವರು ‘ಅಂಪೈರ್ಸ್ ಕಾಲ್’ ಎಂದು ಯಂತ್ರದ ಅಂದಾಜಿಗೂ ಒಂದು ಮಿತಿ ಇದೆಯೆಂದು ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ. ಫುಟ್‌ಬಾಲ್‌ನವರೂ ಎಲ್ಲೆಡೆ ಹಾಗೆ ಒಪ್ಪಿಕೊಂಡಿದ್ದರೆ ಹೆಬ್ಬೆರಳಿನಷ್ಟು ಅಂತರದ ಆಫ್‌ಸೈಡ್‌ಗಳಿಗೆ ಇಷ್ಟು ರೊಚ್ಚು ಬರುತ್ತಿರಲಿಲ್ಲ.

ನಿಮ್ಮ ಫೈನಲ್‌ಗೆ ಮೊಬೈಲ್ ಬೇಡ, ಇನ್ನಿಬ್ಬರು ಮನುಷ್ಯರು ಬೇಕು. ಒಂದೊಂದು ಗೋಲಿನ ಬಳಿ ಒಬ್ಬೊಬ್ಬರನ್ನು, ಗೋಲು ಗೆರೆಯ ನೇರಕ್ಕೆ, ಕಂಬದಿಂದ ಕೆಲವು ಹೆಜ್ಜೆ ದೂರದಲ್ಲಿ ನಿಲ್ಲಿಸಿ. ಎರಡೂ ತಂಡಗಳಿಗೆ ಸೇರದವರಾಗಿರಲಿ. ಚೆಂಡು ಪೂರ್ತಿ ದಾಟಿತೇ ಎಂಬುದೊಂದೇ ಅವರ ಕೆಲಸ, ಫೌಲ್‌ಗಳ ಉಸಾಬರಿ ಅವರಿಗೆ ಬೇಡ. ಅವರಿಗೆ ಆ ಟೇಪಿನ ಪ್ರಯೋಗವನ್ನು ಹಿಂದಿನ ದಿನವೇ ಮಾಡಿಸಿ. ಅನುಮಾನವಿದ್ದರೆ ಗೋಲಿಲ್ಲ ಎಂಬುದನ್ನು ನಾಯಕರಿಬ್ಬರಿಗೂ ಟಾಸ್‌ಗೆ ಮುನ್ನವೇ ಹೇಳಿಬಿಡಿ. ಆಟ ಮತ್ತೆ ಶುರುವಾದ ಮೇಲೆ ಯಾವ ಸಾಕ್ಷ್ಯ ಬಂದರೂ ತೀರ್ಪು ಬದಲಾಗದು ಎಂಬುದನ್ನೂ ಬೆಂಬಲಿಗರೆದುರು ಧ್ವನಿವರ್ಧಕದಲ್ಲಿ ಓದಿ ಹೇಳಿ. ಜನ ಚಿತ್ರೀಕರಿಸಲಿ, ರಾತ್ರಿಯಿಡೀ ವಾದಿಸಲಿ, ಆದರೆ ಮೈದಾನದ ಹಗ್ಗ ದಾಟಿ ಮೊಬೈಲ್ ಒಳಗೆ ಬರಬಾರದು.

ಇನ್ನೊಂದು ಕೆಲಸವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. 2013ರ ಅಕ್ಟೋಬರ್‌ನಲ್ಲಿ ಜರ್ಮನಿಯ ಬುಂಡೆಸ್‌ಲೀಗಾದಲ್ಲಿ ಕೀಸ್ಲಿಂಗ್ ತಲೆಯಿಂದ ಹೊಡೆದ ಚೆಂಡು ಕಂಬದ ಹೊರಗೆ ಹೋಗಿ, ಪಕ್ಕದ ಬಲೆಯ ಹರಿದ ಕಿಂಡಿಯಿಂದ ಒಳಗೆ ನುಸುಳಿತು. ಅದನ್ನು ಗೋಲೆಂದೇ ಎಣಿಸಲಾಯಿತು, ಮರುಪಂದ್ಯದ ಮನವಿಯೂ ತಿರಸ್ಕೃತವಾಯಿತು. ಹಾಗಾಗಿ ತಂಡಗಳು ಮೈದಾನಕ್ಕೆ ಇಳಿಯುವ ಮುನ್ನ ನೀವೇ ಹೋಗಿ ಎರಡೂ ಬಲೆಗಳ ಪಕ್ಕದ ಭಾಗವನ್ನು ಕೈಯಿಂದ ಎಳೆದು ನೋಡಿ. ಕೆಳಗಿನ ಗೂಟಗಳು ಗಟ್ಟಿಯಾಗಿವೆಯೇ, ಚೆಂಡು ತೂರುವಷ್ಟು ಸಂದು ಎಲ್ಲಾದರೂ ಇದೆಯೇ ಎಂದು ಪರೀಕ್ಷಿಸಿ, ಇದ್ದರೆ ದಾರದಿಂದ ಕಟ್ಟಿ. ವಿರಾಮದ ಹೊತ್ತಿನಲ್ಲಿ ಮತ್ತೊಮ್ಮೆ ನೋಡಿ, ಏಕೆಂದರೆ ಮೊದಲಾರ್ಧದಲ್ಲಿ ಆಟಗಾರರು ಬಲೆಗೆ ಬಿದ್ದು ಜೋತಾಡಿರುತ್ತಾರೆ.