ಅಂಗಿಯನ್ನು ಬೌಂಡರಿ ಗೆರೆಯಿಂದ ನೋಡಿ

ಈ ತಿಂಗಳು ಆಟೋಟದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಐದು ಪತ್ರ ಬರೀ ಜೆರ್ಸಿ ಬಗ್ಗೆ ಇದ್ದವು. ಓದಿ ತುಂಬಾ ಖುಷಿಯಾಯಿತು. ಶಿವಮೊಗ್ಗದಲ್ಲಿ ಆಟದ ಬಟ್ಟೆ ಹೊಲಿದು, ಪ್ರಿಂಟ್ ಮಾಡಿಕೊಡುವ ಅಂಗಡಿ ನನ್ನದು. ನಮ್ಮಪ್ಪ ಅದೇ ಅಂಗಡಿಯಲ್ಲಿ ಕೂತು ಊರಿನ ಕ್ರಿಕೆಟ್ ತಂಡಗಳಿಗೆ ಬಿಳಿ ಪ್ಯಾಂಟು ಹೊಲಿಯುತ್ತಿದ್ದರು. ಉಳಿದ ಪತ್ರಗಳಿಗೆ ಮುಂದಿನ ಸಲ ಉತ್ತರಿಸುತ್ತೇನೆ. ಈ ಸಲದ ಜಾಗವೆಲ್ಲ ಈ ಐದಕ್ಕೇ.

*ನನಗೆ 47 ವರ್ಷ. 1992ರ ವಿಶ್ವಕಪ್‌ನಿಂದ ಇಲ್ಲಿಯವರೆಗೆ ಭಾರತ ತಂಡ ಹಾಕಿದ ಜೆರ್ಸಿಗಳನ್ನೆಲ್ಲ ಕಲರ್ ಪೆನ್ಸಿಲ್‌ನಲ್ಲಿ ಬಿಡಿಸಿಟ್ಟಿದ್ದೇನೆ. ಆರು ನೋಟ್‌ಬುಕ್ ತುಂಬಿವೆ. ಸ್ಕೋರ್ ಮರೆತರೂ ಕಾಲರ್ ಬಣ್ಣ ಮರೆಯುವುದಿಲ್ಲ. "ನೀವು ಆಟ ನೋಡ್ತೀರೋ ಬಟ್ಟೆ ನೋಡ್ತೀರೋ" ಅಂತ ಮನೆಯವಳು ಕೇಳ್ತಾಳೆ. ನನಗೆ ಇವತ್ತಿಗೂ 1992ರದ್ದೇ ಎಲ್ಲಕ್ಕಿಂತ ಚೆಂದ. ಅದು ಬರೀ ಬಾಲ್ಯದ ಮೋಹವೋ, ನಿಜಕ್ಕೂ ಒಳ್ಳೆಯ ಡಿಸೈನೋ? — ಓದುಗರು, ತಿಪಟೂರು*

ಸರ್, ಅದು ನಿಜಕ್ಕೂ ಒಳ್ಳೆಯ ಡಿಸೈನ್. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆ ವಿಶ್ವಕಪ್ಪನ್ನು ನಾನು ನೋಡಿದ್ದು ಕಪ್ಪು ಬಿಳುಪು ಟಿವಿಯಲ್ಲಿ. ಆಗ ನಾನು ಒಂಬತ್ತನೇ ಕ್ಲಾಸು. ತಂಡಗಳು ಬಣ್ಣದ ಬಟ್ಟೆ ಹಾಕಿದ ಮೊದಲ ವಿಶ್ವಕಪ್ ಅದು, ನಮಗೆ ಕಂಡದ್ದು ಮಾತ್ರ ಬೂದು. ಮಾರ್ಚ್ 4ರಂದು ಸಿಡ್ನಿಯಲ್ಲಿ ಪಾಕಿಸ್ತಾನದ ಮೇಲೆ ಪಂದ್ಯ. ಶಾಲೆಗೆ ಚಕ್ಕರ್ ಹಾಕಿ, ಅಪ್ಪನ ಕತ್ತರಿ ಮೇಜಿನ ಪಕ್ಕ ಕೂತು ನೋಡಿದೆ. ನಮ್ಮವರು ಕಡು ಬಣ್ಣ, ಅವರು ತಿಳಿ ಬಣ್ಣ. ಯಾರು ಯಾವ ತಂಡ ಅಂತ ಒಂದು ಕ್ಷಣವೂ ಗೊಂದಲ ಆಗಲಿಲ್ಲ. ಹೆಗಲ ಮೇಲಿನ ಪಟ್ಟೆಗಳು ಬಿಳಿ, ಬೂದು, ಕಪ್ಪು ಅಂತ ಬೇರೆಬೇರೆಯಾಗಿಯೇ ಕಂಡವು. ನಮ್ಮದು ಕಡುನೀಲಿ, ಅವರದ್ದು ತಿಳಿಹಸಿರು, ಪಟ್ಟೆಗಳಲ್ಲಿ ಕೆಂಪು, ಹಸಿರು, ನೀಲಿ, ಬಿಳಿ ಎಲ್ಲ ಇವೆ ಅಂತ ಗೊತ್ತಾಗಿದ್ದು ಆಮೇಲೆ, ಪತ್ರಿಕೆಯ ಬಣ್ಣದ ಪುಟದಲ್ಲಿ.

ಬಣ್ಣ ತೆಗೆದುಹಾಕಿದ ಮೇಲೂ ಆ ಅಂಗಿ ನಿಂತಿತ್ತು ಅಲ್ವಾ? ಡಿಸೈನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. 1996ರಲ್ಲಿ ನಮ್ಮನೆಗೆ ಕಲರ್ ಟಿವಿ ಬಂತು. ಬೆಂಗಳೂರಿನ ಕ್ವಾರ್ಟರ್ ಫೈನಲ್ ದಿನ, ಅಂದರೆ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಅಮೀರ್ ಸೊಹೈಲ್‌ನ ಸ್ಟಂಪ್ ಹಾರಿಸಿದ ದಿನ, ಅಂಗಡಿ ತುಂಬಾ ಜನ. ನಡುವೆ ಒಂದು ಸಲ ಅಪ್ಪ ಎದ್ದು ಹೋಗಿ ಬಣ್ಣವನ್ನು ಪೂರ್ತಿ ಕಡಿಮೆ ಮಾಡಿದರು. ಎಲ್ಲರೂ ಕೂಗಾಡಿದರು. ಅಪ್ಪ ನನಗೆ ಮಾತ್ರ ಕೇಳುವಂತೆ, "ನೋಡು, ಆವತ್ತಿನಷ್ಟು ಬಿಡಿಸಿ ಕಾಣಲ್ಲ" ಅಂದರು. ನಮ್ಮ ತಿಳಿನೀಲಿಗೂ ಅವರ ಹಸಿರಿಗೂ ನಡುವೆ 1992ರಷ್ಟು ಅಂತರ ಇರಲಿಲ್ಲ. ಇವತ್ತಿಗೂ ಗಿರಾಕಿಯ ಡಿಸೈನ್ ಬಂದರೆ ನಾನು ಮೊದಲು ಅದರ ಬಣ್ಣ ತೆಗೆದು ನೋಡುತ್ತೇನೆ. ನಿಮ್ಮ ನೋಟ್‌ಬುಕ್ಕಿನ ಒಂದೊಂದು ಪುಟವನ್ನೂ ಮೊಬೈಲಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ನಿಮ್ಮ ಪಟ್ಟಿಯೇ ಅದಲುಬದಲಾಗಬಹುದು.

ಇನ್ನು ಪಟ್ಟೆಯ ಜಾಗ. ಬ್ಯಾಟ್ಸ್‌ಮನ್ ಬಗ್ಗಿ ನಿಂತಾಗ ಎದೆ ಕಾಣುವುದಿಲ್ಲ, ಹೆಗಲು ಕಾಣುತ್ತದೆ. ಸ್ಲಿಪ್‌ನಲ್ಲಿ, ಅಂದರೆ ವಿಕೆಟ್ ಕೀಪರ್ ಪಕ್ಕದಲ್ಲಿ, ಬಗ್ಗಿ ಕೂತವನದ್ದೂ ಹಾಗೇ. ಬೌಲರ್ ಕೈ ಎತ್ತಿದರೆ ಹೆಗಲಿನ ಬಟ್ಟೆಯೇ ಮೊದಲು ಅಲ್ಲಾಡುವುದು. ಪಟ್ಟೆಗಳನ್ನು ಅಲ್ಲಿಟ್ಟವರಿಗೆ ಆಟದ ಮೈ ಗೊತ್ತಿತ್ತು. ಜೊತೆಗೆ ಒಂಬತ್ತು ತಂಡಕ್ಕೂ ಅದೇ ಪಟ್ಟೆ, ಅದೇ ಕಟ್ಟು. ಮೈಯ ಬಣ್ಣ ಮಾತ್ರ ಬೇರೆ: ನ್ಯೂಜಿಲೆಂಡ್ ಬೂದು, ವೆಸ್ಟ್ ಇಂಡೀಸ್ ಮರೂನ್, ಆಸ್ಟ್ರೇಲಿಯಾ ಹಳದಿ. ಒಂದೇ ಮನೆಯ ಒಂಬತ್ತು ಮಕ್ಕಳ ಹಾಗೆ. ಬೆನ್ನ ಮೇಲೆ ಆಟಗಾರನ ಹೆಸರು. ನಮ್ಮ ಶ್ರೀನಾಥ್ ಹೆಸರನ್ನು ಬೆನ್ನ ಮೇಲೆ ಓದಿದಾಗ ನನಗಾದ ಸಂತೋಷ ಈಗಲೂ ನೆನಪಿದೆ.

ಬಾಲ್ಯದ ಮೋಹ ಅನ್ನುವವರಿಗೆ ನೀವು ಇನ್ನೊಂದು ಮಾತು ಹೇಳಬಹುದು. ಆ ವಿಶ್ವಕಪ್‌ನಲ್ಲಿ ನಮಗಿದ್ದ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಒಂದೇ ಒಂದು ರನ್ನಿನಿಂದ ಸೋತೆವು. ಗೆಲುವಿನ ನೆನಪು ಅಂಗಿಗೆ ಅಂಟಿಕೊಂಡಿದೆ ಅನ್ನೋಣ ಅಂದರೆ ಗೆಲುವೇ ಕಡಿಮೆ. 2020ರಲ್ಲಿ ಆಸ್ಟ್ರೇಲಿಯಾ ಪ್ರವಾಸಕ್ಕೆ ಅದೇ ಕಡುನೀಲಿ, ಅದೇ ಹೆಗಲ ಪಟ್ಟೆಯನ್ನು ಮತ್ತೆ ತಂದರು. ಸೋತ ವರ್ಷದ ಅಂಗಿಯನ್ನು 28 ವರ್ಷ ಆದಮೇಲೆ ಹುಡುಕಿ ತರುತ್ತಾರೆ ಅಂದರೆ ಅದರಲ್ಲಿ ಏನೋ ಇದೆ.

ನನ್ನ ಎರಡನೇ ಆಯ್ಕೆ 2003ರದ್ದು. ಎದೆಗೆ ಅಡ್ಡಲಾಗಿ ಕುಂಚ ಎಳೆದ ಹಾಗೆ ತ್ರಿವರ್ಣ, ಅದರ ಮೇಲೆ ದೇಶದ ಹೆಸರು. ನೀವು ಗಮನಿಸಿರಬಹುದು, ವಿಶ್ವಕಪ್ ಅಂಗಿಗಳು ಉಳಿದ ಸರಣಿಗಳ ಅಂಗಿಗಿಂತ ಚೆಂದ ಕಾಣುತ್ತವೆ. ವಿಶ್ವಕಪ್‌ನಂಥ ಐಸಿಸಿ (ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ) ಪಂದ್ಯಾವಳಿಗಳಲ್ಲಿ ಪ್ರಾಯೋಜಕರ ಹೆಸರು ತೋಳಿಗೆ ಸರಿಯುತ್ತದೆ, ಎದೆ ದೇಶಕ್ಕೆ ಸಿಗುತ್ತದೆ. ಅಷ್ಟೇ ವ್ಯತ್ಯಾಸ. ಆದರೆ ಅಷ್ಟಕ್ಕೇ ಅಂಗಿ ಉಸಿರಾಡುತ್ತದೆ.

ಮನೆಯವರ ಪ್ರಶ್ನೆಗೆ ಬರೋಣ. ನೀವು ಬಟ್ಟೆಯನ್ನು ಇಷ್ಟು ನೋಡಿದ್ದೀರಿ ಅಂದರೆ ಆಟವನ್ನೂ ಅಷ್ಟೇ ನೋಡಿದ್ದೀರಿ. ಆ ಆರು ನೋಟ್‌ಬುಕ್ ಜೋಪಾನ. ಜಿರಳೆ, ತೇವ ತಾಗದ ಕಡೆ ಇಡಿ.

*ಮೇಡಂ, ಒನ್‌ಡೇಗೆ ಬಣ್ಣದ ಬಟ್ಟೆ, ಟೆಸ್ಟ್‌ಗೆ ಬಿಳಿ ಯಾಕೆ? ಸುಮ್ನೆ ಸಂಪ್ರದಾಯ ಅಂತಲಾ? — ಪಿಯುಸಿ ವಿದ್ಯಾರ್ಥಿ, ಹುಬ್ಬಳ್ಳಿ*

ಸಂಪ್ರದಾಯವೂ ಹೌದು ತಮ್ಮ. ಆದರೆ ಬಣ್ಣ ಬಂದದ್ದು ಚೆಂಡಿನ ದೆಸೆಯಿಂದ. 1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಟಿವಿ ಉದ್ಯಮಿ ಕೆರ್ರಿ ಪ್ಯಾಕರ್ ತನ್ನದೇ ಸರಣಿ ಶುರುಮಾಡಿ, ದೀಪದ ಬೆಳಕಿನಲ್ಲಿ ರಾತ್ರಿ ಆಡಿಸಿದ. ರಾತ್ರಿ ಕೆಂಪು ಚೆಂಡು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಬಿಳಿ ಚೆಂಡು. ಬಿಳಿ ಬಟ್ಟೆಯ ಬೌಲರ್ ಕೈಯಿಂದ ಬಿಳಿ ಚೆಂಡು ಬಂದರೆ ಬ್ಯಾಟ್ಸ್‌ಮನ್‌ಗೆ ಕಾಣುವುದು ಹೇಗೆ? ಬಟ್ಟೆಗೆ ಬಣ್ಣ ಬಂತು, ಬೌಲರ್ ಹಿಂದೆ ಬೌಂಡರಿಯಾಚೆ ನಿಲ್ಲಿಸುವ ದೊಡ್ಡ ಪರದೆ, ಅಂದರೆ ಸೈಟ್‌ಸ್ಕ್ರೀನ್, ಕಪ್ಪಾಯಿತು. 1979ರ ಜನವರಿಯಲ್ಲಿ ಸಿಡ್ನಿಯಲ್ಲಿ ಪ್ಯಾಕರ್‌ನ ಆಸ್ಟ್ರೇಲಿಯಾ ತಂಡ ಹಳದಿ ಹಾಕಿತು, ವೆಸ್ಟ್ ಇಂಡೀಸ್ ತಂಡ ಹವಳದ ಗುಲಾಬಿ ಬಣ್ಣ ಹಾಕಿತು. 1983ರಲ್ಲಿ ಕಪಿಲ್ ದೇವ್ ಕಪ್ ಎತ್ತಿದ್ದು ಬಿಳಿ ಬಟ್ಟೆಯಲ್ಲೇ, ಯಾಕೆಂದರೆ ಆ ಟೂರ್ನಿ ಹಗಲಲ್ಲಿ ಕೆಂಪು ಚೆಂಡಿನಲ್ಲಿ ನಡೆದದ್ದು.

ಟೆಸ್ಟ್‌ಗೂ ರಾತ್ರಿ ಬಂದಾಗ ಬಟ್ಟೆಯನ್ನು ಬಿಳಿಯಾಗಿಯೇ ಬಿಟ್ಟು ಚೆಂಡಿನ ಬಣ್ಣ ಬದಲಿಸಿದರು. ಗುಲಾಬಿ ಚೆಂಡಿನ ಮೊದಲ ಟೆಸ್ಟ್ 2015ರಲ್ಲಿ ಅಡಿಲೇಡ್‌ನಲ್ಲಿ, ನಮ್ಮ ದೇಶದಲ್ಲಿ 2019ರಲ್ಲಿ ಕೋಲ್ಕತ್ತದಲ್ಲಿ. ಬಿಳಿ ಅಂಗಿಯ ಬೆನ್ನಿಗೆ ಹೆಸರು, ನಂಬರ್ ಬಂದದ್ದೂ 2019ರ ಇಂಗ್ಲೆಂಡ್–ಆಸ್ಟ್ರೇಲಿಯಾ ಆಶಸ್ ಸರಣಿಯಿಂದ. ಹಲವರಿಗೆ ಅದು ಹಿಡಿಸಲಿಲ್ಲ. ನನಗೆ ಹಿಡಿಸಿತು. ದೂರದ ಸ್ಟ್ಯಾಂಡ್‌ನಲ್ಲಿ ಕೂತ ಹುಡುಗಿಗೆ ಫೈನ್ ಲೆಗ್‌ನಲ್ಲಿ ನಿಂತವರು ಯಾರು ಅಂತ ಗೊತ್ತಾಗಬೇಕು.

*2019ರ ವಿಶ್ವಕಪ್‌ನಲ್ಲಿ ಕಿತ್ತಳೆ ಜೆರ್ಸಿ ಹಾಕಿದ ದಿನ ಭಾರತ ಸೋತಿತು. ಆರ್‌ಸಿಬಿ ಹಸಿರು ಹಾಕಿದರೂ ಸೋಲುತ್ತೆ ಅಂತ ನನ್ನ ಗಂಡ ಹೇಳ್ತಾರೆ, ಆ ದಿನ ಟಿವಿ ಮುಂದೆ ಕೂರೋದೇ ಇಲ್ಲ. ಬಣ್ಣಕ್ಕೂ ಸೋಲಿಗೂ ಸಂಬಂಧ ಇದೆಯಾ? — ಗೃಹಿಣಿ, ಮಂಡ್ಯ*

ಇಲ್ಲ ಅಕ್ಕ. ಕಿತ್ತಳೆ ಬಂದದ್ದು ನಿಯಮದಿಂದ. ಒಂದೇ ಬಣ್ಣದ ಎರಡು ತಂಡ ಎದುರಾದರೆ ಒಂದು ತಂಡ ಬೇರೆ ಅಂಗಿ ಹಾಕಬೇಕು ಅಂತ ಆ ಸಲ ಐಸಿಸಿ ಹೇಳಿತು. ಇಂಗ್ಲೆಂಡ್ ನೀಲಿ, ನಾವೂ ನೀಲಿ. ಅವರು ಆತಿಥೇಯರು, ನೀಲಿ ಅವರಿಗೇ ಉಳಿಯಿತು. ಜೂನ್ 30ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ 31 ರನ್‌ನಿಂದ ಸೋತೆವು. ಅದೇ ಕಿತ್ತಳೆಯಲ್ಲಿ ರೋಹಿತ್ ಶರ್ಮಾ ಶತಕ ಹೊಡೆದದ್ದನ್ನು ಯಾಕೋ ಯಾರೂ ಹೇಳುವುದಿಲ್ಲ.

ಆರ್‌ಸಿಬಿ 2011ರಿಂದ ಪರಿಸರದ ಹೆಸರಲ್ಲಿ ಸಾಮಾನ್ಯವಾಗಿ ಸೀಸನ್ನಿಗೆ ಒಂದು ಪಂದ್ಯ ಹಸಿರು ಹಾಕುತ್ತಾ ಬಂದಿದೆ. ನಿಮ್ಮ ಯಜಮಾನರಿಗೆ 2016ರ ಮೇ 14 ನೆನಪಿಸಿ. ಚಿನ್ನಸ್ವಾಮಿಯಲ್ಲಿ ಗುಜರಾತ್ ಲಯನ್ಸ್ ಎದುರು ಕೊಹ್ಲಿ 109, ಡಿವಿಲಿಯರ್ಸ್ ಔಟಾಗದೆ 129. ಇಬ್ಬರ ಜೊತೆಯಾಟ 229. ಗೆದ್ದದ್ದು 144 ರನ್‌ನಿಂದ. ಇಬ್ಬರೂ ಹಾಕಿದ್ದು ಹಸಿರೇ. ಮುಂದಿನ ಹಸಿರು ಪಂದ್ಯಕ್ಕೆ ಅವರನ್ನು ಕೈಹಿಡಿದು ಕೂರಿಸಿ.

*ನಮ್ಮೂರ ಯುವಕರ ತಂಡಕ್ಕೆ ಟೆನಿಸ್ ಬಾಲ್ ಟೂರ್ನಿಗೆ ಜೆರ್ಸಿ ಮಾಡಿಸಬೇಕು. 15 ಅಂಗಿ. ಹೆಸರು, ನಂಬರ್ ಎರಡೂ ಕನ್ನಡದಲ್ಲೇ ಇರಬೇಕು ಅಂತ ಹುಡುಗರ ಹಟ. ಏನು ಗಮನಿಸಬೇಕು? — ತಂಡದ ನಾಯಕ, ಸಾಗರ ತಾಲ್ಲೂಕು*

ಇದು ನನ್ನ ಪ್ರೀತಿಯ ವಿಷಯ. ಹುಡುಗರ ಹಟ ಒಳ್ಳೆಯದೇ.

ಮೊದಲು ಬಟ್ಟೆ. ಈಗ ಹೆಚ್ಚಾಗಿ ಮಾಡುವುದು ಸಬ್ಲಿಮೇಷನ್. ಡಿಸೈನನ್ನು ಕಾಗದದ ಮೇಲೆ ಅಚ್ಚು ಹಾಕಿ, ಬಟ್ಟೆಯ ಮೇಲಿಟ್ಟು, 200 ಡಿಗ್ರಿ ಹತ್ತಿರದ ಬಿಸಿಯಲ್ಲಿ ಒತ್ತುತ್ತೇವೆ. ಬಣ್ಣ ಆವಿಯಾಗಿ ದಾರದ ಒಳಗೇ ಸೇರುತ್ತದೆ. ಸುಲಿದು ಬರುವ ಮಾತೇ ಇಲ್ಲ. ಆದರೆ ಇದು ಪಾಲಿಯೆಸ್ಟರ್‌ಗೆ ಮಾತ್ರ, ಕಾಟನ್‌ಗೆ ಹಿಡಿಯುವುದಿಲ್ಲ. ಇದರಲ್ಲಿ ಬಿಳಿ ಬಣ್ಣ ಅಂತ ಇಲ್ಲ, ಹಾಗಾಗಿ ಬಟ್ಟೆ ಬಿಳಿಯದ್ದೇ ಆಗಬೇಕು. ಮುಂಭಾಗ, ಬೆನ್ನು, ತೋಳು ಬೇರೆಬೇರೆ ಪ್ರಿಂಟ್ ಆಗಿ ಆಮೇಲೆ ಹೊಲಿಗೆ. ತೋಳಿನ ಪಟ್ಟೆ ಎದೆಯ ಪಟ್ಟೆಗೆ ಕೂಡುತ್ತದಾ ಅಂತ ಹೊಲಿಯುವ ಮೊದಲೇ ಕೇಳಿ. ಒಂದು ಬೆರಳು ಆಚೀಚೆ ಆದರೂ ಕಣ್ಣಿಗೆ ಚುಚ್ಚುತ್ತದೆ.

ಎರಡನೆಯದು ಕನ್ನಡ ಅಕ್ಷರ. ಇಂಗ್ಲಿಷ್ ಅಕ್ಷರ ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ನಮ್ಮ ಅಕ್ಷರ ಹಾಗಲ್ಲ. ಕೆಳಗೆ ಒತ್ತು, ಮೇಲೆ ಗುಡಿಸು. "ಕೃಷ್ಣ" ಅಂತ ಬರೆದು ನೋಡಿ, ವಟ್ರಸುಳಿಯೂ ಒತ್ತೂ ಕೆಳಗಿಳಿದು ನಂಬರಿನ ತಲೆಗೆ ತಾಗುತ್ತವೆ. ಹೆಸರಿಗೂ ನಂಬರಿಗೂ ನಡುವೆ ಎರಡು ಇಂಚು ಖಾಲಿ ಬಿಡಿಸಿ. ಅಕ್ಷರದ ಸುತ್ತ ಬೇರೆ ಬಣ್ಣದ ಅಂಚು ಬೇಡ. ನಮ್ಮ ಅಕ್ಷರಗಳ ಸುಳಿ ಚಿಕ್ಕದು, ಅಂಚು ಹಾಕಿದರೆ ಅದು ಮುಚ್ಚಿಹೋಗಿ ದೂರಕ್ಕೆ ಬರೀ ಮುದ್ದೆ ಕಾಣುತ್ತದೆ. ದಪ್ಪ ಅಕ್ಷರ, ಒಂದೇ ಬಣ್ಣ, ಅಡಿಯ ಬಟ್ಟೆಗೆ ಎದ್ದು ಕಾಣುವಂಥದ್ದು.

ನಂಬರ್ ವಿಷಯದಲ್ಲಿ ಒಂದು ಕೋರಿಕೆ. ೬ ಮತ್ತು ೯ ದೂರದಿಂದ ಒಂದೇ ಥರ ಕಾಣುತ್ತವೆ. ಅಂಗಿ ಮಡಚಿಕೊಂಡರಂತೂ ಸ್ಕೋರರ್‌ಗೆ ಪಾಡು. ಕನ್ನಡ ಅಂಕಿಯೇ ಬೇಕು ಅಂದರೆ ಹಾಕಿಸಿ, ಆ ಎರಡರಲ್ಲಿ ಒಂದನ್ನು ಯಾರಿಗೂ ಕೊಡಬೇಡಿ. ಎತ್ತರ ಎಂಟು ಇಂಚಿಗೆ ಕಡಿಮೆ ಬೇಡ.

ನಾನು ಅಂಗಡಿ ವಹಿಸಿಕೊಂಡ ಹೊಸದರಲ್ಲಿ ನಂಬರ್‌ಗಳನ್ನು ಬೇರೆ ಊರಿನ ಒಬ್ಬರಿಂದ ಮಾಡಿಸಿ ತಂದು ಬಿಸಿಯಲ್ಲಿ ಅಂಟಿಸುತ್ತಿದ್ದೆ. ಒಂದು ಕಬಡ್ಡಿ ತಂಡಕ್ಕೆ ಹಾಗೆ ಕೊಟ್ಟೆ. ಮೊದಲ ಪಂದ್ಯದಲ್ಲೇ ಬೆವರಿಗೆ ಅಂಚು ಬಿಟ್ಟು, ಎದುರಾಳಿಯ ಕೈಗೆ ಒಂದು 7 ಪೂರ್ತಿ ಬಂದುಬಿಟ್ಟಿತು. ಆ ಹುಡುಗರ ಮುಖ ನೋಡಲಾಗಲಿಲ್ಲ. ಅಷ್ಟೂ ಅಂಗಿಗೆ ರಾತ್ರಿ ಕೂತು ಬಟ್ಟೆಯ ನಂಬರ್ ಕತ್ತರಿಸಿ ಹೊಲಿದುಕೊಟ್ಟೆ. ಅದಕ್ಕೇ ಹೇಳುವುದು: 15 ಅಂಗಿಗೂ ಮುಂಚೆ ಒಂದೇ ಒಂದು ಮಾಡಿಸಿ, ಯಾರಾದರೂ ಹಾಕಿಕೊಂಡು ಎರಡು ದಿನ ಆಡಲಿ, ಒಗೆಯಲಿ.

ಆ ಒಂದು ಅಂಗಿಯನ್ನು ವಿಕೆಟ್ ಹತ್ತಿರ ಒಬ್ಬನಿಗೆ ಹಾಕಿ ನಿಲ್ಲಿಸಿ. ನೀವು ಬೌಂಡರಿ ಗೆರೆಗೆ ಹೋಗಿ. ಅಪ್ಪ ಹೊಸ ಬಟ್ಟೆಯನ್ನು ಬೀದಿಯ ಆ ತುದಿಯ ಕಂಬಕ್ಕೆ ನೇತುಹಾಕಿ, ಈ ತುದಿಯಿಂದ ನೋಡುತ್ತಿದ್ದರು. ಕಂಪ್ಯೂಟರ್ ಪರದೆಯಲ್ಲಿ ಹುಲಿ, ಬೆಂಕಿ, ಮಿಂಚು ಎಲ್ಲ ಚೆಂದ ಕಾಣುತ್ತವೆ. ಎಪ್ಪತ್ತು ಗಜ ದೂರದಿಂದ ಉಳಿಯುವುದು ಎರಡು ಬಣ್ಣ ಮತ್ತು ಒಂದು ನಂಬರ್. ಆ ಎರಡು ಬಣ್ಣ ಯಾವುದು ಅಂತ ಹುಡುಗರೆಲ್ಲ ಕೂತು ಜಗಳ ಆಡಿ ತೀರ್ಮಾನಿಸಿ. ಪ್ರಾಯೋಜಕರ ಹೆಸರು ಎಷ್ಟೇ ಇದ್ದರೂ ತೋಳಿಗೆ ಹಾಕಿ, ಎದೆಯ ಮೇಲೆ ಊರಿನ ಹೆಸರು ಬಿಟ್ಟು ಬೇರೇನೂ ಬೇಡ.

*ಮಗನ ಜೆರ್ಸಿಗೆ ಇಸ್ತ್ರಿ ಹಾಕಿದೆ. ಬೆನ್ನ ಮೇಲಿನ ಹೆಸರು ಇಸ್ತ್ರಿ ಪೆಟ್ಟಿಗೆಗೇ ಅಂಟಿಕೊಂಡಿತು. ಎರಡು ದಿನದಿಂದ ಮಾತಾಡ್ತಿಲ್ಲ. ಸರಿ ಮಾಡಬಹುದಾ? — ತಾಯಿ, ಹಾಸನ*

ಆ ಅಕ್ಷರ ಉಳಿಯುವುದಿಲ್ಲ, ತಾಯಿ. ಆದರೆ ಅಂಗಿ ಉಳಿಯುತ್ತದೆ. ಹತ್ತಿರದ ಪ್ರಿಂಟಿಂಗ್ ಅಂಗಡಿಗೆ ಕೊಡಿ. ಹಳೆಯದನ್ನು ಬಿಸಿ ಮಾಡಿ ತೆಗೆದು, ಹೊಸದು ಒತ್ತಿಕೊಡುತ್ತಾರೆ. ಅಕ್ಷರದ ಗುರುತು ಸ್ವಲ್ಪ ಉಳಿಯಬಹುದು, ಹೊಸ ಅಕ್ಷರ ಅದೇ ಜಾಗಕ್ಕೆ ಬಂದರೆ ಕಾಣುವುದಿಲ್ಲ. ಇನ್ನು ಮೇಲೆ ಅಂಗಿಯ ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಿರಿ. ಹಿಂಡಬೇಡಿ. ನೆರಳಲ್ಲಿ ಒಣಗಿಸಿ. ಪಾಲಿಯೆಸ್ಟರ್ ಬಟ್ಟೆ ಹ್ಯಾಂಗರ್‌ಗೆ ಹಾಕಿದರೆ ತಾನೇ ನೆಟ್ಟಗಾಗುತ್ತದೆ. ಅಂಗಡಿಗೆ ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ, ಅಕ್ಷರದ ಬಣ್ಣ ಅವನೇ ಆರಿಸಲಿ.