ಒಲೆ ಉರಿಸಿದರೆ ನ್ಯಾಚುರಲಿಸಂ ಆಗುವುದಿಲ್ಲ

ಅಡುಗೆಮನೆಯಲ್ಲೇ ನಡೆಯುವ, ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗ್‌ನ 'ಮಿಸ್ ಜೂಲಿ' ನಾಟಕ ಆಡಿಸೋಕೆ ನಿಜವಾದ ಅಡುಗೆಮನೆಯನ್ನೇ ರಂಗದ ಮೇಲೆ ತರಬೇಕಾ ಅಂತ ಕೇಳಿದ್ದೀರಿ. ಬೇಡ. ನಾನೂ ಅಲ್ಲಿಂದಲೇ ಶುರು ಮಾಡಿ ಕೆಟ್ಟವನು. ಉರಿಯುವ ಒಲೆ, ಚೊರ್ ಅನ್ನುವ ಬಾಣಲೆ ಎಲ್ಲ ಇಟ್ಟೆ. ಜನ ಒಲೆ ನೋಡಿದರು, ಜೂಲಿಯನ್ನು ನೋಡಲಿಲ್ಲ.

ಈ ತಪ್ಪಿಗೆ ಮೂಲ ಪ್ಯಾರಿಸ್ಸಿನ ಎರಡು ಕಥೆಗಳು. ಗ್ಯಾಸ್ ಕಂಪನಿಯ ಗುಮಾಸ್ತ ಆಂದ್ರೆ ಆಂತ್ವಾನ್ 1887ರ ಮಾರ್ಚ್ 30ರಂದು ತೆಯಾತ್ರ್ ಲೀಬ್ರ್ ಅನ್ನುವ ರಂಗತಂಡ ಶುರು ಮಾಡಿದಾಗ ಅಮ್ಮನ ಮನೆಯ ಮೇಜು ಕುರ್ಚಿಗಳನ್ನೇ ಕೈಗಾಡಿಯಲ್ಲಿ ತಂದ. ಮರುವರ್ಷ ಕಟುಕರ ನಾಟಕವೊಂದಕ್ಕೆ ನಿಜವಾದ ಮಾಂಸವನ್ನೇ ನೇತುಹಾಕಿದ. ಎಲ್ಲರ ನೆನಪಲ್ಲಿ ಉಳಿದದ್ದು ಆ ಮಾಂಸ. ಆದರೆ ಅಮ್ಮನ ಮೇಜು ಕುರ್ಚಿಯ ಹಿಂದೆ ಕಾಸಿಲ್ಲದ ಕಷ್ಟವೂ ಇತ್ತು, ಅದನ್ನೇ ನಾವು ಸಿದ್ಧಾಂತ ಮಾಡಿಕೊಂಡೆವು!

ನ್ಯಾಚುರಲಿಸಂನ ಸಿದ್ಧಾಂತ ಬೇರೆಯೇ ಇದೆ. ಶರೀರವಿಜ್ಞಾನಿ ಕ್ಲೋಡ್ ಬರ್ನಾರ್ 1865ರಲ್ಲಿ ಪ್ರಯೋಗಾತ್ಮಕ ವೈದ್ಯದ ಬಗ್ಗೆ ಬರೆದದ್ದನ್ನು ಕಾದಂಬರಿಕಾರ ಎಮಿಲ್ ಜೋಲಾ ಸಾಹಿತ್ಯಕ್ಕೆ ಎಳೆದು ತಂದ. ಮನುಷ್ಯನನ್ನು ರೂಪಿಸುವುದು ವಂಶ ಮತ್ತು ಪರಿಸರ. ಕಾದಂಬರಿಯಲ್ಲಿ ವರ್ಣನೆ ಮಾಡುವ ಕೆಲಸವನ್ನು ರಂಗದ ಮೇಲೆ ಸೆಟ್ ಮಾಡಬೇಕು ಅನ್ನುವುದು ಅವನ ವಾದ. ಅಂದರೆ ಸಾಮಾನು ಪಾತ್ರವನ್ನು ಒತ್ತಬೇಕು. ಒತ್ತದ ಸಾಮಾನು, ಎಷ್ಟೇ ಅಸಲಿಯಾದರೂ, ಬರೀ ಅಲಂಕಾರ.

ನಾಟಕದ 1888ರ ಮುನ್ನುಡಿಯಲ್ಲಿ ಸ್ಟ್ರಿಂಡ್‌ಬರ್ಗ್, ಮನೆಯ ಆಳು ಜೀನ್‌ನ ಜೊತೆ ಸೇರಿ ಕೆಡುವ ಕೌಂಟನ ಮಗಳು ಜೂಲಿಯ ಪತನಕ್ಕೆ ಒಂದಲ್ಲ, ಹತ್ತು ಕಾರಣ ಕೊಡುತ್ತಾನೆ: ತಾಯಿಯ ಸ್ವಭಾವ, ತಂದೆ ಬೆಳೆಸಿದ ರೀತಿ, ಹಬ್ಬದ ರಾತ್ರಿ, ಮುಟ್ಟು, ಕುಣಿತ, ಹೂವಿನ ವಾಸನೆ... ನಟಿಗೆ ಮೊದಲು ಆ ಪಟ್ಟಿ ಕೊಡಿ. ಅಡುಗೆಮನೆಯನ್ನೂ ಅವನು ಪೂರ್ತಿ ಕೇಳಲಿಲ್ಲ. ಒಂದು ಮೂಲೆ ಸಾಕು, ಉಳಿದದ್ದನ್ನು ಪ್ರೇಕ್ಷಕ ಊಹಿಸಿಕೊಳ್ಳಲಿ ಅಂದ. ಹಿಂದಿನ ಗೋಡೆ, ಮೇಜು ಎರಡೂ ಓರೆಯಾಗಿರಲಿ, ಎದುರುಬದುರು ಕೂತವರ ಮುಖ ಆಗ ಕಾಣುತ್ತದೆ. ರಂಗದ ಮುಂಚೂಣಿಯ ನೆಲದಿಂದ ಬೀಳುವ ಫುಟ್‌ಲೈಟ್ ತೆಗೆದು ಪಕ್ಕದಿಂದ ಬೆಳಕು ಬಿಡಿ. ಕೆಳಗಿನ ಬೆಳಕಿಗೆ ಮುಖದ ಸೂಕ್ಷ್ಮ ಅಳಿಸಿಹೋಗುತ್ತದೆ. ಮಧ್ಯಂತರ ಬೇಡ, ಇರುವುದೇ ಒಂದೂವರೆ ಗಂಟೆ. ದುಡ್ಡಿದ್ದರೆ ಬಾಗಿಲಿಗೆ ಹಾಕಿ, ಮುಟ್ಟಿದರೆ ಅಲ್ಲಾಡುವ ಬಟ್ಟೆಯ ಬಾಗಿಲನ್ನು ಅವನೇ ಬೈದಿದ್ದಾನೆ.

ತಾಲೀಮಿಗೆ ಆಂತ್ವಾನ್‌ನ ದಾರಿ ಒಳ್ಳೆಯದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕೂ ಗೋಡೆ ಬರೆದು ವಾರಗಟ್ಟಲೆ ಒಳಗೇ ಆಡಿಸಿ, ಸಭೆಗೆ ಕಾಣಲು ಯಾವ ಗೋಡೆ ತೆಗೆಯಬೇಕು ಅನ್ನುವುದನ್ನು ಕೊನೆಗೆ ನಿರ್ಧರಿಸಿ. ಮೊದಲೇ ತೆಗೆದರೆ ಎಲ್ಲರೂ ಸಭೆಗೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಾರೆ. ಬೆನ್ನು ತಿರುಗಿಸಿ ಮಾತಾಡುವುದು ಮಾತ್ರ ಚಿಕ್ಕ ಸಭಾಂಗಣಕ್ಕೇ ಸರಿ, ದೊಡ್ಡದರಲ್ಲಿ ಹಿಂದಿನ ಸಾಲಿಗೆ ಏನೂ ಕೇಳಿಸದು.

ಇಷ್ಟೆಲ್ಲ ಆದಮೇಲೂ ಅಸಲಿ ಸಾಮಾನು ಬೇಕೇಬೇಕು ಅಂದರೆ ಯಜಮಾನನ ಬೂಟು ಮತ್ತು ಗಂಟೆ ತನ್ನಿ. ಆ ಯಜಮಾನ, ಕೌಂಟ್, ಇಡೀ ನಾಟಕದಲ್ಲಿ ಒಮ್ಮೆಯೂ ರಂಗಕ್ಕೆ ಬರುವುದಿಲ್ಲ, ಆದರೆ ಗಂಟೆ ಬಾರಿಸಿದ ಕೂಡಲೇ ಜೀನ್‌ನ ಬೆನ್ನು ಬಾಗುತ್ತದೆ. ಬೂಟು ಅವನ ಕಣ್ಣಿಗೆ ಬೀಳುತ್ತಲೇ ಇರುವ ಕಡೆ ಇಡಿ. ಗಂಟೆಯ ಸದ್ದನ್ನು ಸ್ಪೀಕರಿನಿಂದ ಬಿಡಬೇಡಿ. ಅಡುಗೆಮನೆಯ ಗೋಡೆಯ ಮೇಲೇ ಕಟ್ಟಿ, ನೇಪಥ್ಯದಿಂದ ತಂತಿ ಎಳೆಯಿರಿ.